ಹಣಚಿಬೊಟ್ಟಿನ ಸಾಕ್ಷ್ಯ

ಮೈಸೂರು ಸೀಮೆಯವರು ಹಚ್ಚೆ ಎನ್ನುವುದನ್ನು ನಮ್ಮ ಬನಹಟ್ಟಿ, ಜಮಖಂಡಿಗಳ ಕಡೆ ಹಣಚಿಬೊಟ್ಟು ಎನ್ನುವರು. ಹಿಂದೆ ಕೊರವರ ಹೆಂಗಸು ಬಾಗಿಲಿಗೆ ಬಂದು, ದೀಪದ ಕಪ್ಪನ್ನು ಎಲೆಯ ರಸದಲ್ಲಿ ಕಲಸಿ, ಸೂಜಿಗಳ ಕಟ್ಟಿನಿಂದ ಚುಚ್ಚಿ, ಹಣೆಗೆ ಚುಕ್ಕೆಯನ್ನೂ ಮುಂಗೈಗೆ ತುಳಸಿಕಟ್ಟೆಯನ್ನೋ ಚೇಳನ್ನೋ ಮೂಡಿಸಿ, ಮೊರದಷ್ಟು ಜೋಳ ಪಡೆದು ಹೋಗುತ್ತಿದ್ದಳು. ಒಡವೆಗಳೆಲ್ಲ ಇಲ್ಲಿಯೇ ಉಳಿಯುವುವು, ಸತ್ತವರ ಸಂಗಡ ಹೋಗುವುದು ಇದೊಂದೇ ಎಂಬ ಮಾತನ್ನು ಹಿರಿಯ ಹೆಂಗಸರ ಬಾಯಿಂದ ತಮ್ಮಲ್ಲಿ ಅನೇಕರು ಕೇಳಿರಬಹುದು. ನ್ಯಾಯವೈದ್ಯರು ಇದನ್ನು ಬೇರೊಂದು ಅರ್ಥದಲ್ಲಿ ಒಪ್ಪುವರು. ಗುರುತು ಸಿಕ್ಕದ ಹೆಣಕ್ಕೆ ಹೆಸರು ಹುಡುಕುವಲ್ಲಿ ಹಣಚಿಬೊಟ್ಟು ಎಷ್ಟು ನೆರವಾಗುವುದೆಂಬುದೇ ಈ ಹೊತ್ತಿನ ವಿಷಯ.

ಅಪ್ರಿಯವಾದ ಮಾತೆಂದು ಶ್ರೋತೃಗಳು ಮುಖ ತಿರುಗಿಸಬಾರದಾಗಿ ಬೇಡುತ್ತೇನೆ. ನಮ್ಮದು ಹೊಳೆಯ ದಂಡೆಯ ಸೀಮೆ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆಯು ಸಾಂಗಲಿಯನ್ನು ದಾಟಿ, ಬೆಳಗಾವಿ ಜಿಲ್ಲೆಯನ್ನು ಹೊಕ್ಕು, ಬನಹಟ್ಟಿಯ ಕಡೆಯ ಹಿಪ್ಪರಗಿ ಬ್ಯಾರೇಜಿಗೆ ಬರುವಳು. ಮಹಾಪೂರದಲ್ಲಿ ಹೊಳೆಪಾಲಾದವನು ತನ್ನನ್ನು ಬಲ್ಲವರ ಊರಿನಲ್ಲಿಯೇ ದಡ ಸೇರುವನೆಂಬ ಭರವಸೆಯಿಲ್ಲ. ನಾಲ್ಕಾರು ದಿನ ನೀರಿನಲ್ಲಿದ್ದ ಮುಖವನ್ನು ಹೆತ್ತ ತಾಯಿಯೂ ಗುರುತಿಸುವುದು ಕಷ್ಟ. ವಾರಸುದಾರರು ಬಾರದಿದ್ದರೆ ಕಂಡ ಊರಿನವರೇ ಮಣ್ಣು ಮಾಡಬೇಕಾಗುವುದು. ಅತ್ತ ಮೇಲಿನ ಊರಿನಲ್ಲಿ ಅವನ ಹೆಂಡತಿಯು ತಾಳಿ ತೆಗೆಯಬೇಕೋ ಬೇಡವೋ ತಿಳಿಯದೆ ಕುಳಿತಿರುವಳು. ಏಳು ವರ್ಷ ಸುದ್ದಿಯಿಲ್ಲದವನು ಸತ್ತನೆಂದು ಭಾವಿಸುವ ನಿಯಮವು 1872ರ ಸಾಕ್ಷ್ಯ ಕಾಯಿದೆಯಲ್ಲಿತ್ತು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಉಳಿದಿದೆ. ಏಳು ವರ್ಷವೆಂದರೆ ಮಕ್ಕಳು ಬೆಳೆದು ನಿಲ್ಲುವಷ್ಟು ಕಾಲ.

ಮುಖ ಕೆಟ್ಟರೂ ಹಣಚಿಬೊಟ್ಟು ಉಳಿಯುವುದೇಕೆ? ಸೂಜಿಯು ಕಪ್ಪನ್ನು ಇಳಿಸುವುದು ಚರ್ಮದ ಒಳಪದರಕ್ಕೆ. ನೀರಿನಲ್ಲಿ ನೆನೆದ ಹೆಣದ ಮೇಲ್ಪದರವು ಸುಲಿದುಹೋಗುವುದು. ಆಗ ಗುರುತು ಅಳಿಯುವ ಬದಲು ಇನ್ನಷ್ಟು ತಿಳಿಯಾಗಿ ಕಾಣುವುದುಂಟು. ಚರ್ಮವು ಕಪ್ಪುಗಟ್ಟಿದ್ದರೆ ಹೈಡ್ರೋಜನ್ ಪೆರಾಕ್ಸೈಡಿನಿಂದ ಒರಸಿ ನೋಡುವರು, ಇಲ್ಲವೆ ಅವಕೆಂಪು ಕಿರಣಗಳಲ್ಲಿ ಛಾಯಾಚಿತ್ರ ತೆಗೆಯುವರು. ಕಪ್ಪಿನ ಕಣಗಳಲ್ಲಿ ಕೆಲವು ಕಂಕುಳಿನ ದುಗ್ಧಗ್ರಂಥಿಗಳನ್ನು ಸೇರಿರುವುದರಿಂದ, ತೋಳಿನ ಹಚ್ಚೆಯನ್ನು ತೆಗೆಸಿದ್ದರೂ ಹಿಂದೆ ಇದ್ದಿತೆಂಬುದರ ಸುಳಿವು ಅಲ್ಲಿ ದೊರೆಯಬಹುದು.

1935ರ ಏಪ್ರಿಲ್ 25ರಂದು ಆಸ್ಟ್ರೇಲಿಯದ ಸಿಡ್ನಿ ನಗರದ ಮತ್ಸ್ಯಾಲಯದಲ್ಲಿ ಶಾರ್ಕ್ ಮೀನೊಂದು ಪ್ರೇಕ್ಷಕರ ಎದುರಿನಲ್ಲಿಯೇ ಮನುಷ್ಯನ ತೋಳನ್ನು ಕಾರಿತು. ಅದರ ಮೇಲೆ ಸೆಣಸುತ್ತಿರುವ ಇಬ್ಬರು ಮುಷ್ಟಿಮಲ್ಲರ ಹಚ್ಚೆಯಿದ್ದಿತು. ಪತ್ರಿಕೆಯಲ್ಲಿ ಅದರ ವರ್ಣನೆಯನ್ನೋದಿದ ಸೋದರನೊಬ್ಬನು ಬಂದು ಅದು ಜೇಮ್ಸ್ ಸ್ಮಿತ್ತನ ತೋಳೆಂದನು, ಬೆರಳಚ್ಚೂ ತಾಳೆಯಾಯಿತು. ತೋಳನ್ನು ಮೀನು ಕಚ್ಚಿರಲಿಲ್ಲ, ಯಾರೋ ಚಾಕುವಿನಿಂದ ಕೊಯ್ದಿದ್ದರು. ಕೊಲೆಗಾರನಿಗೆ ಶಿಕ್ಷೆಯಾಗಲಿಲ್ಲವೆಂಬುದು ಬೇರೆ ಕಥೆ. ನಾವು ಗಮನಿಸಬೇಕಾದುದು, ಅಲ್ಲಿಯ ಪತ್ರಿಕೆಯು 'ಇಬ್ಬರು ಮುಷ್ಟಿಮಲ್ಲರು' ಎಂದು ಬರೆಯಿತೆಂಬುದು. ನಮ್ಮ ಪ್ರಕಟಣೆಗಳಲ್ಲಿ 'ಬಲಗೈಯ ಮೇಲೆ ಹಚ್ಚೆ ಗುರುತು ಇದೆ' ಎಂಬಷ್ಟಕ್ಕೇ ಬಿಟ್ಟಿರುವುದನ್ನು ಎಷ್ಟೋ ಸಲ ಕಾಣುತ್ತೇವೆ. ಯಾವ ಹಚ್ಚೆ? ಬಲಗೈಯ ಮೇಲೆ ಹಚ್ಚೆಯುಳ್ಳವರು ಒಂದೊಂದು ಓಣಿಯಲ್ಲಿಯೂ ಇರುವರು.

ವಿವರವಿದ್ದರೂ ಅದನ್ನು ಓದುವ ವಿವೇಕ ಬೇಕು. ಹಣೆಯ ಚುಕ್ಕೆಯೂ ತುಳಸಿಕಟ್ಟೆಯೂ ಸಾವಿರಾರು ಹೆಂಗಸರಿಗೆ ಸಾಮಾನ್ಯ; ಅವು ಸೀಮೆಯನ್ನು ಹೇಳಿಯಾವು, ವ್ಯಕ್ತಿಯನ್ನು ಹೇಳಲಾರವು. ಹೆಸರು ಬರೆಯಿಸಿಕೊಂಡವರ ಗುರುತು ಸುಲಭವೆಂದು ತೋರಬಹುದು. ಆದರೆ ತೋಳಿನ ಮೇಲಿನ ಹೆಸರು ತೋಳುಳ್ಳವನದೇ ಆಗಿರಬೇಕೆಂದಿಲ್ಲ. ತಾಯಿಯದು, ಮಗನದು, ಮನೆದೇವರದು ಆಗಿರಬಹುದು. ಗಂಡನ ಹೆಸರನ್ನು ಬಾಯಿಂದ ಹೇಳದ ಹೆಣ್ಣುಮಗಳು ಅದನ್ನು ಕೈಯ ಮೇಲೆ ಬರೆಯಿಸಿಕೊಂಡಿರುವುದುಂಟು. ಅಕ್ಷರವು ದೇವನಾಗರಿಯಾಗಿದ್ದರೆ ವಿಚಾರಣೆಯು ಹೊಳೆಯ ಮೇಲ್ಗಡೆ ಸಾಂಗಲಿ, ಮಿರಜಗಳತ್ತ ನಡೆಯಬೇಕೆನ್ನಿಸುವುದು ಸಹಜ. ಇದು ಒಳ್ಳೆಯ ಸುಳಿವು. ಆದರೂ ಜತ್ತ, ಸೊಲ್ಲಾಪುರಗಳ ಕಡೆ ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ಮರಾಠಿ ಕಲಿತವರಿರುವರು. ಲಿಪಿಯನ್ನು ನೋಡಿ ಮಾತೃಭಾಷೆಯನ್ನು ನಿರ್ಣಯಿಸಬಾರದು.

ಕಾಯಿದೆಯಿಂದ ಇಲ್ಲಿ ಹೆಚ್ಚಿನ ಸಹಾಯವಿಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಕಲಮೂ, ಅದರ ಸ್ಥಾನಕ್ಕೆ ಬಂದ 2023ರ ಸಂಹಿತೆಯ 194ನೆಯ ಕಲಮೂ ಪಂಚನಾಮೆಯಲ್ಲಿ ಗಾಯ, ಮುರಿತ, ಜಜ್ಜುಗಳನ್ನು ವರ್ಣಿಸಬೇಕೆನ್ನುವುವು, ಹಚ್ಚೆಯ ಹೆಸರೆತ್ತುವುದಿಲ್ಲ. ಸಾವಿನ ಕಾರಣವನ್ನರಸುವುದು ಆ ಕಲಮಿನ ಉದ್ದೇಶವಾದ್ದರಿಂದ ಅದನ್ನು ತಪ್ಪೆನ್ನಲಾಗದು. ಹಚ್ಚೆಯ ವರ್ಣನೆಯು ಮಾತ್ರ ಠಾಣೆಯ ಅಧಿಕಾರಿಯ ಶ್ರದ್ಧೆಯನ್ನು ಅವಲಂಬಿಸಿದೆ. ಯಾವ ಕೈ, ಒಳಬದಿಯೋ ಹೊರಬದಿಯೋ, ಮಣಿಕಟ್ಟಿನಿಂದ ಎಷ್ಟು ಬೆರಳು ಮೇಲೆ, ಯಾವ ಲಿಪಿ, ಮಾಸಿದ ಅಕ್ಷರ ಯಾವುದು, ಇಷ್ಟನ್ನು ಬರೆದು, ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದರೆ ಕೆಲಸವಾದಂತೆ.

ಇಷ್ಟಾಗಿಯೂ ಹಚ್ಚೆಯೊಂದರಿಂದಲೇ ಹೆಣವನ್ನು ಒಪ್ಪಿಸಿಬಿಡುವುದು ಯುಕ್ತವಲ್ಲ. ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆಯಾದ ಇಂಟರ್‌ಪೋಲ್ ಬೆರಳಚ್ಚು, ಹಲ್ಲು, ಡಿಎನ್‌ಎ ಈ ಮೂರನ್ನು ಮುಖ್ಯ ಪ್ರಮಾಣಗಳೆಂದು ಎಣಿಸಿ, ಹಚ್ಚೆಯನ್ನು ಎರಡನೆಯ ಸಾಲಿನಲ್ಲಿಟ್ಟಿದೆ. ಆದರೆ ಯಾರ ಡಿಎನ್‌ಎಯೊಡನೆ ಹೋಲಿಸಬೇಕೆಂದು ತಿಳಿಯದೆ ಆ ಪರೀಕ್ಷೆಯು ಮುಂದುವರಿಯುವುದು ಹೇಗೆ? ಪರೀಕ್ಷಕರನ್ನು ಸರಿಯಾದ ಮನೆಯ ಬಾಗಿಲಿಗೆ ಕರೆದೊಯ್ಯುವುದು ಅನೇಕ ವೇಳೆ ಈ ಎರಡನೆಯ ಸಾಲಿನ ಗುರುತೇ.

ಆ ಮನೆಯವರಿಗೂ ನೆನಪಿರಬೇಕಷ್ಟೆ. ಕಾಣೆಯಾದವನ ಎತ್ತರ, ಅಂಗಿಯ ಬಣ್ಣಗಳನ್ನು ಠಾಣೆಯಲ್ಲಿ ಹೇಳುವವರು ಹಣಚಿಬೊಟ್ಟು ಎಡಗೈಯದೋ ಬಲಗೈಯದೋ ಎಂದೊಡನೆ ಒಬ್ಬರ ಮುಖವನ್ನೊಬ್ಬರು ನೋಡುವರು. ಮದುವೆಯ ಹಳೆಯ ಚಿತ್ರವೊಂದಿದ್ದರೆ, ತೋಳು ಕಾಣುವಂಥದನ್ನು ಆರಿಸಿ ಜೊತೆಗೊಯ್ಯಬಹುದು.