ಗೆಲುವಿನ ಅಳತೆಗೋಲು

ಒಬ್ಬನ ಬಾಳು ಚೆನ್ನಾಗಿ ಸಾಗಿತೆಂದು ಹೇಳಲು ನಮ್ಮಲ್ಲಿ ಹಲವು ಮಾತುಗಳಿವೆ. ‘ಯಶಸ್ಸು’ ಎನ್ನುತ್ತೇವೆ. ಆ ಸಂಸ್ಕೃತ ಪದದ ಮೂಲಾರ್ಥ ಕೀರ್ತಿ. ಕೀರ್ತಿ ನೆಲೆಸಿರುವುದು ಪರರ ನಾಲಗೆಯ ಮೇಲೆ. ‘ಏಳಿಗೆ’ ಎನ್ನುತ್ತೇವೆ, ಇದ್ದ ಎಡೆಯಿಂದ ಮೇಲಕ್ಕೆ ಹೋಗುವುದು ಅದರ ಭಾವ. ಇವೆರಡನ್ನೂ ನೆರೆಹೊರೆಯವರು ಅಳೆಯಬಲ್ಲರು. ‘ಸಾರ್ಥಕ’ ಎಂಬ ಇನ್ನೊಂದು ಮಾತಿದೆ. ಅರ್ಥದೊಡನೆ ಕೂಡಿದ್ದು ಸಾರ್ಥಕ. ಇದನ್ನು ಅಳೆಯುವವರು ಯಾರು?

ನಮ್ಮ ಸಂಸಾರಗಳಲ್ಲಿ ಬಳಕೆಯಲ್ಲಿರುವ ಅಳತೆಗೋಲು ಎಲ್ಲರಿಗೂ ತಿಳಿದದ್ದೇ. ಪರೀಕ್ಷೆಯಲ್ಲಿ ಅಂಕವೆಷ್ಟು, ಕೆಲಸ ಎಲ್ಲಿ, ಸಂಬಳವೆಷ್ಟು, ಬೆಂಗಳೂರಿನಲ್ಲಿ ಸೈಟು ಆಯಿತೇ? ನಾನು ಕನ್ನಡ ಎಂ.ಎ.ಗೆ ಸೇರಿದಾಗ, “ಬೇರೆ ಯಾವುದರಲ್ಲೂ ಸೀಟು ಸಿಗಲಿಲ್ಲವೇನಪ್ಪಾ?” ಎಂದು ನಮ್ಮ ಸೋದರಮಾವನವರು ಕನಿಕರದಿಂದ ಕೇಳಿದ್ದರು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಅವರು ಬಲ್ಲ ಅಳತೆಗೋಲು ಅದೊಂದೇ ಆಗಿತ್ತು.

ಹೇಮಾವತಿಯ ದಡದ ಹೊಳೆನರಸೀಪುರವನ್ನು ನಾಡು ಇಂದು ಗುರುತಿಸುವುದು ರಾಜಕೀಯದಿಂದ. ಈ ತಾಲ್ಲೂಕಿನ ಹರದನಹಳ್ಳಿಯಲ್ಲಿ ಹುಟ್ಟಿದ ಶ್ರೀ ಎಚ್.ಡಿ. ದೇವೇಗೌಡರು 1996ರಲ್ಲಿ ದೇಶದ ಪ್ರಧಾನಮಂತ್ರಿಗಳಾದರು. ಅದು ಎಲ್ಲರ ಕಣ್ಣಿಗೂ ಕಾಣುವ ಏಳಿಗೆ. ಅದನ್ನು ಕಿರಿದುಮಾಡುವುದು ನನ್ನ ಉದ್ದೇಶವಲ್ಲ. ಆದರೆ ಅದೇ ಊರಿನಲ್ಲಿ ಮತ್ತೊಂದು ಬಗೆಯ ಬಾಳೂ ನಡೆದಿತ್ತು.

ಯಲ್ಲಂಬಳಸೆ ಸುಬ್ಬರಾಯರು 1880ರಲ್ಲಿ ಹುಟ್ಟಿದವರು. ವೃತ್ತಿಯಿಂದ ಶಾಲಾ ಉಪಾಧ್ಯಾಯರು. ವೇದಾಂತವನ್ನು ಜನರ ಭಾಷೆಯಲ್ಲಿ ಪ್ರಚಾರ ಮಾಡಲು 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿದರು. ಮುಂದೆ ಅದು ಹೊಳೆನರಸೀಪುರದಲ್ಲಿ ನೆಲೆಯೂರಿತು. ಆತ್ಮವನ್ನೂ ಅನಾತ್ಮವನ್ನೂ ಒಂದರಲ್ಲೊಂದು ಬೆರೆಸಿ ತಿಳಿಯುವುದೇ ಅವಿದ್ಯೆ ಎಂದು ಶಂಕರರು ತಮ್ಮ ಸೂತ್ರಭಾಷ್ಯದ ಪೀಠಿಕೆಯಲ್ಲಿ ಹೇಳಿದ್ದಾರೆ. ಈ ತಪ್ಪು ತಿಳಿವಳಿಕೆಗೆ ಕಾರಣವಾಗಿ ‘ಮೂಲಾವಿದ್ಯೆ’ ಎಂಬ ಭಾವರೂಪದ ವಸ್ತುವೊಂದಿದೆ ಎಂಬುದು ಅನಂತರದ ವ್ಯಾಖ್ಯಾನಕಾರರ ಮತ. ಸುಬ್ಬರಾಯರು ಭಾಷ್ಯವನ್ನು ಮತ್ತೆ ಮತ್ತೆ ಓದಿದರು. ಅಂಥ ವಸ್ತು ಅವರಿಗೆ ಅಲ್ಲಿ ಕಾಣಲಿಲ್ಲ. ಹಾಗೆಂದು 1929ರಲ್ಲಿ ‘ಮೂಲಾವಿದ್ಯಾನಿರಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಬರೆದೇಬಿಟ್ಟರು.

ಇದು ಸಣ್ಣ ಸಾಹಸವಲ್ಲ. ಶತಮಾನಗಳಿಂದ ಪಾಠ ಹೇಳಿಸಿಕೊಂಡು ಬಂದ ಮಾತಿಗೆ ಶಾಲೆಯ ಮೇಷ್ಟರೊಬ್ಬರು ಎದುರಾಡಿದ್ದರು. ಪಂಡಿತರಲ್ಲಿ ಅನೇಕರು ಒಪ್ಪಲಿಲ್ಲ. ಆ ವಾದ ಇಂದಿಗೂ ಮುಗಿದಿಲ್ಲ. ಹಣವನ್ನು ತೊರೆಯುವುದು ಒಂದು ಬಗೆಯ ತ್ಯಾಗ. ತಾನು ಗೌರವಿಸುವ ವಿದ್ವಾಂಸರ ಮೆಚ್ಚುಗೆಯನ್ನೇ ತೊರೆಯುವುದು ಅದಕ್ಕಿಂತ ಕಷ್ಟದ್ದೆಂದು ನನ್ನ ಎಣಿಕೆ.

‘ಅವರು ಸಂನ್ಯಾಸಿಗಳು, ಸಂಸಾರಿಗಳಾದ ನಮಗೆ ಆ ಮಾತೇಕೆ?’ ಎಂದು ಯಾರಾದರೂ ಕೇಳಬಹುದು. ಅವರು ಕಾಷಾಯ ಉಟ್ಟು ಸಚ್ಚಿದಾನಂದೇಂದ್ರ ಸರಸ್ವತಿಗಳಾದದ್ದು 1948ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ. ‘ಮೂಲಾವಿದ್ಯಾನಿರಾಸ’ವನ್ನು ಬರೆದವರು ಗೃಹಸ್ಥರಾದ ಸುಬ್ಬರಾಯರೇ. 1964ರಲ್ಲಿ, ಎಂಬತ್ತು ದಾಟಿದ ಮೇಲೆ, ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ ಎಂಬ ಮಹಾಗ್ರಂಥವನ್ನು ಹೊರತಂದರು. 1975ರಲ್ಲಿ ತೀರಿಕೊಂಡರು. ಆ ಗ್ರಂಥದ ಇಂಗ್ಲಿಷ್ ಅನುವಾದ ಹೊರದೇಶದಲ್ಲಿ ಪ್ರಕಟವಾದದ್ದು 1989ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಆ ಅನುವಾದ ಬಾರದೇ ಹೋಗಿದ್ದರೆ ಅವರ ಬಾಳು ಸೋತಂತಾಗುತ್ತಿತ್ತೇ? ಹಾಗೆನ್ನಲು ನನಗೆ ಬಾಯಿ ಬಾರದು.

ಇಲ್ಲೊಂದು ಎಚ್ಚರ ಬೇಕು. ‘ನನ್ನ ಗೆಲುವನ್ನು ನಾನೇ ಅಳೆದುಕೊಳ್ಳುತ್ತೇನೆ’ ಎಂಬ ಮಾತು ಸೋಮಾರಿಗೂ ಅನುಕೂಲವಾದದ್ದೇ. ಸುಬ್ಬರಾಯರ ಅಳತೆಗೋಲು ಹಾಗೆ ಸಡಿಲವಾದದ್ದಲ್ಲ. ‘ಇದು ಭಾಷ್ಯದಲ್ಲಿದೆಯೇ, ಇದು ಅನುಭವಕ್ಕೆ ಒಪ್ಪುವುದೇ’ ಎಂಬ ಕಟ್ಟುಪಾಡಿಗೆ ಅವರು ತಮ್ಮ ಒಂದೊಂದು ವಾಕ್ಯವನ್ನೂ ಒಳಪಡಿಸಿದರು. ಸಮಾಜದ ಅಳತೆಗೋಲನ್ನು ಬಿಟ್ಟವನು ಅದಕ್ಕಿಂತ ಬಿಗಿಯಾದದ್ದನ್ನು ಕೈಗೆತ್ತಿಕೊಳ್ಳಬೇಕಾಗುತ್ತದೆ.

ಇದೇ ಹೊಳೆಯ ಮೇಲುಭಾಗದ ಗೊರೂರಿನ ರಾಮಸ್ವಾಮಿ ಅಯ್ಯಂಗಾರ್ಯರನ್ನೂ ನೆನೆಯಬಹುದು. ಗಾಂಧೀಜಿಯವರ ಕರೆಗೆ ಓಗೊಟ್ಟು ಶಾಲೆ ಬಿಟ್ಟ ಹುಡುಗ, ಊರಿನವರ ಲೆಕ್ಕದಲ್ಲಿ ಕೆಟ್ಟ ಹುಡುಗ. ಆ ಹುಡುಗ ಗುಜರಾತ್ ವಿದ್ಯಾಪೀಠದಲ್ಲಿ ಓದಿ, ಖಾದಿಯ ಕೆಲಸಕ್ಕೆ ನಿಂತು, 1930ರಲ್ಲಿ ‘ಹಳ್ಳಿಯ ಚಿತ್ರಗಳು’ ಪ್ರಕಟಿಸಿದರು. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1980ರಲ್ಲಿ, ಸರಿಯಾಗಿ ಅರ್ಧ ಶತಮಾನದ ಮೇಲೆ. ಅದಕ್ಕೆ ಕಾದು ಕುಳಿತಿದ್ದರೆ ಹಳ್ಳಿಯ ನಗೆ ಅವರ ಬರಹಕ್ಕೆ ಬರುತ್ತಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಹಳ್ಳಿಯ ಶಾಲೆಗಳಲ್ಲಿ ಮೇಷ್ಟರಾಗಿದ್ದಾರೆ. “ನಾವು ಏನೂ ಆಗಲಿಲ್ಲ, ಸಾರ್” ಎಂದು ಕೆಲವರು ತಲೆ ತಗ್ಗಿಸುತ್ತಾರೆ. ‘ಹೇಳಿದ ಪಾಠ ಮಕ್ಕಳಿಗೆ ತಿಳಿಯಿತೇ’ ಎಂದು ನಾನು ಕೇಳಿದರೆ ಅವರ ಮುಖ ಬೇರೆಯಾಗುತ್ತದೆ. ಹತ್ತು ಮಕ್ಕಳ ಹೆಸರು ಹಿಡಿದು ಹೇಳತೊಡಗುತ್ತಾರೆ. ಕನ್ನಡದ ‘ಗೆಲುವು’ ಎಂಬ ಮಾತಿಗೆ ಜಯವೆಂಬ ಅರ್ಥವೊಂದೇ ಅಲ್ಲ. ಕಾಯಿಲೆಯಿಂದ ಎದ್ದ ಮಗುವನ್ನು ನೋಡಿ ‘ಗೆಲುವಾಗಿದೆ’ ಎನ್ನುತ್ತೇವೆ. ಅಲ್ಲಿ ಯಾರೂ ಸೋತಿರುವುದಿಲ್ಲ. ಆ ಮೇಷ್ಟರ ಮುಖದಲ್ಲಿ ನಾನು ಕಾಣುವುದು ಅಂಥ ಗೆಲುವನ್ನು.