ಬೇರಿನ ಜೊತೆಗಾರರು



ಗಿಡಗಳು ಹೆಚ್ಚಾದರೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ಈ ಮಾತು ಎಲ್ಲ ಕಡೆಯೂ ನಿಜವೇ? ಉತ್ತರ ಧ್ರುವ ಪ್ರದೇಶದ ಒಂದು ಪುಟ್ಟ ಪೊದೆಯನ್ನು ನೋಡಿ ಉತ್ತರ ಹುಡುಕೋಣ.

ಅಮೆರಿಕದ ಅಲಾಸ್ಕ ರಾಜ್ಯದ ಉತ್ತರ ಭಾಗದಲ್ಲಿ ಮರಗಳಿಲ್ಲದ ಟಂಡ್ರಾ ಬಯಲಿದೆ. ಅಲ್ಲಿನ ಕಿರು ಬೇಸಿಗೆಯಲ್ಲಿ ನೆಲದ ಮೇಲ್ಪದರ ಮಾತ್ರ ಕರಗುತ್ತದೆ. ಅದರಡಿಯ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಆದ್ದರಿಂದ ಸತ್ತ ಸಸ್ಯಗಳು ಪೂರ್ತಿ ಕೊಳೆಯದೆ ಸಾವಿರಾರು ವರ್ಷಗಳಿಂದ ಮಣ್ಣಿನಲ್ಲೇ ಉಳಿದಿವೆ. ಭೂಮಿಯ ಇಂಥ ಹಿಮನೆಲಗಳಲ್ಲಿ ಅಡಗಿರುವ ಇಂಗಾಲ, ವಾತಾವರಣದಲ್ಲಿರುವುದರ ಹೆಚ್ಚುಕಡಿಮೆ ಎರಡು ಪಟ್ಟು.

ಇಲ್ಲಿ ಬೆಳೆಯುವ ಪೊದೆಗಳಲ್ಲಿ ಕುಬ್ಜ ಬರ್ಚ್ ಮುಖ್ಯವಾದುದು. ಅದಕ್ಕೆ ಬೇಕಾದ ಸಾರಜನಕ ಮಣ್ಣಿನಲ್ಲಿದ್ದರೂ ಬಹುಪಾಲು ಕೊಳೆಯದ ಪದಾರ್ಥದಲ್ಲಿ ಸಿಕ್ಕಿಕೊಂಡಿದೆ. ಅದನ್ನು ಬಿಡಿಸಿ ಕೊಡುವವು ಬೇರಿನ ತುದಿಗಳನ್ನು ಕವಚದಂತೆ ಸುತ್ತಿಕೊಂಡಿರುವ ಶಿಲೀಂಧ್ರಗಳು. ಅದಕ್ಕೆ ಪ್ರತಿಯಾಗಿ ಎಲೆಗಳು ತಯಾರಿಸಿದ ಸಕ್ಕರೆಯಲ್ಲಿ ಅವು ಪಾಲು ಪಡೆಯುತ್ತವೆ. ಜರ್ಮನಿಯ ಸಸ್ಯವಿಜ್ಞಾನಿ ಎ. ಬಿ. ಫ್ರಾಂಕ್ 1885ರಲ್ಲಿ ಈ ಜೋಡಿಗೆ 'ಮೈಕೋರೈಜಾ', ಅಂದರೆ ಶಿಲೀಂಧ್ರ-ಬೇರು, ಎಂದು ಹೆಸರಿಟ್ಟರು.

1979ರಿಂದೀಚೆಗೆ ಉತ್ತರ ಧ್ರುವ ಪ್ರದೇಶವು ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಅಲಾಸ್ಕದಲ್ಲಿ 1950ರ ಆಸುಪಾಸಿನಲ್ಲಿ ವಿಮಾನದಿಂದ ತೆಗೆದ ಛಾಯಾಚಿತ್ರಗಳನ್ನು, 50 ವರ್ಷಗಳ ತರುವಾಯ ಅದೇ ಸ್ಥಳಗಳಲ್ಲಿ ತೆಗೆದ ಚಿತ್ರಗಳೊಡನೆ ಹೋಲಿಸಿದಾಗ, ಪೊದೆಗಳು ಹರಡಿರುವುದು ಸ್ಪಷ್ಟವಾಯಿತು. ಪೊದೆಗಳು ಗಾಳಿಗೆ ಹಾರುವ ಹಿಮವನ್ನು ತಡೆದು ನಿಲ್ಲಿಸುತ್ತವೆ. ಆ ಹಿಮ ಕಂಬಳಿಯಂತೆ ನೆಲವನ್ನು ಹೊದ್ದಿಸುವುದರಿಂದ ಚಳಿಗಾಲದಲ್ಲೂ ಮಣ್ಣಿನ ಸೂಕ್ಷ್ಮಜೀವಿಗಳು ಅಷ್ಟಿಷ್ಟು ಕೆಲಸ ಮಾಡುತ್ತಲೇ ಇರುತ್ತವೆ.

ಹಾಗಾದರೆ ಇಂಗಾಲದ ಲೆಕ್ಕವೇನು? ಅಲಾಸ್ಕದ ಟೂಲಿಕ್ ಸರೋವರದ ಬಳಿ 1981ರಿಂದ ಕೆಲವು ತಾಕುಗಳಿಗೆ ಸಾರಜನಕ ಮತ್ತು ರಂಜಕದ ಗೊಬ್ಬರ ಹಾಕುತ್ತ ಬಂದರು. ಬರ್ಚ್ ಹುಲುಸಾಗಿ ಬೆಳೆಯಿತು. ಆದರೆ 20 ವರ್ಷಗಳ ನಂತರ ಅಳೆದಾಗ ಆಳದ ಮಣ್ಣು ಕಳೆದುಕೊಂಡ ಇಂಗಾಲ, ಗಿಡಗಳು ಗಳಿಸಿದ್ದಕ್ಕಿಂತ ಹೆಚ್ಚಾಗಿತ್ತು. ಒಟ್ಟು ನಷ್ಟ ಚದರ ಮೀಟರಿಗೆ ಸುಮಾರು 2 ಕಿಲೋಗ್ರಾಂ! ಗೊಬ್ಬರದಿಂದ ಮಣ್ಣಿನಲ್ಲಿ ಕೊಳೆಯುವ ಕ್ರಿಯೆಯೂ ಚುರುಕಾಗಿತ್ತು.

ಅದೇ ಟೂಲಿಕ್‌ನಲ್ಲಿ ಸಣ್ಣ ಹಸಿರುಮನೆಗಳನ್ನು ಕಟ್ಟಿ ಹಲವು ವರ್ಷ ಬೆಚ್ಚಗಿಟ್ಟ ತಾಕುಗಳಲ್ಲಿ ಬರ್ಚ್ ಬೇರಿನ ಶಿಲೀಂಧ್ರಗಳೂ ಬದಲಾದವು. ಕಾರ್ಟಿನೇರಿಯಸ್ ಎಂಬ ಅಣಬೆ ಕುಲದವು ಹೆಚ್ಚಿದವು. ಇವುಗಳಲ್ಲಿ ಹಲವು, ಕಿಣ್ವಗಳನ್ನು ಸ್ರವಿಸಿ ಹಳೆಯ ಜೈವಿಕ ಪದಾರ್ಥವನ್ನು ಒಡೆದು ಸಾರಜನಕ ತೆಗೆಯಬಲ್ಲವು. ಹಾಗೆ ಒಡೆದಾಗ ಅಲ್ಲಿ ಭದ್ರವಾಗಿದ್ದ ಇಂಗಾಲವೂ ಬಿಡುಗಡೆಯಾಗಬಹುದು. ಪೊದೆಗೆ ಊಟ ತಂದುಕೊಡುವ ಜೊತೆಗಾರನೇ ಹಳೆಯ ಉಗ್ರಾಣದ ಬೀಗ ತೆಗೆದಂತೆ!

ಇದರಿಂದ ಗಿಡ ಬೆಳೆಸುವುದು ತಪ್ಪೆಂದು ತಿಳಿಯಬೇಡಿ. ಗಿಡದ ಎಲೆ, ಬೇರು, ಶಿಲೀಂಧ್ರ, ಮಣ್ಣು ಎಲ್ಲವನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು ಎಂಬುದಷ್ಟೇ ಇಲ್ಲಿನ ಪಾಠ. ಕಣ್ಣಿಗೆ ಕಾಣುವ ಹಸಿರು ಅರ್ಧ ಕಥೆ; ಉಳಿದರ್ಧ ನೆಲದೊಳಗಿದೆ.