ಕಂಡುಹಿಡಿದವರು, ಗೆದ್ದವರು



ಅಮೆರಿಕದ ಕಾಲೇಜು ಫುಟ್‌ಬಾಲನ್ನು ಚರ್ಚೆಗೆ ಎತ್ತಿಕೊಂಡ ಸಂಘಟಕರಿಗೆ ಕೃತಜ್ಞ. 1906ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ ಕಥೆಯನ್ನು ಮೊದಲ ಗೋಷ್ಠಿಯವರು, ಟೆಕ್ಸಸ್ಸಿನ ವಿಷ್‌ಬೋನ್ ಎಂಬ ಆಕ್ರಮಣ ವಿನ್ಯಾಸದ ಕಥೆಯನ್ನು ಮಧ್ಯಾಹ್ನದವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಅಂಕಿಅಂಶದ ಗೆಳೆಯರು ಕೋಷ್ಟಕಗಳೊಂದಿಗೇ ಬಂದಿದ್ದಾರೆ. ನನ್ನ ಬಹುಕಾಲದ ತಕರಾರು ಆ ಕೋಷ್ಟಕಗಳ ಜೊತೆಗೇ. ಕೋಚ್ ಒಬ್ಬರ ಗೆಲುವುಗಳನ್ನು ಎಣಿಸಿ, ಅದೇ ಅವರ ತಂತ್ರದ ಬೆಲೆ ಎಂದು ಓದುವ ಅಭ್ಯಾಸ ನಮ್ಮ ಕ್ಷೇತ್ರವನ್ನು ದಾರಿ ತಪ್ಪಿಸಿದೆ.

ಮಿಸೌರಿ ವಿಶ್ವವಿದ್ಯಾಲಯದ ಕೋಚ್ ಡಾನ್ ಫರೋ ಅವರನ್ನೇ ನೋಡಿ. ಚೆಂಡು ಎಸೆಯುವುದರಲ್ಲಿ ನಿಪುಣನಾದ ಪಾಲ್ ಕ್ರಿಸ್ಟ್‌ಮನ್ ಓದು ಮುಗಿಸಿ ಹೊರಟ. ಅವನಿಲ್ಲದ ತಂಡಕ್ಕಾಗಿ ಫರೋ 1941ರಲ್ಲಿ ರೂಪಿಸಿದ್ದು ಸ್ಪ್ಲಿಟ್-ಟಿ. ಮುಂಚೂಣಿಯ ಆಟಗಾರರ ನಡುವಿನ ಅಂತರ ಹೆಚ್ಚಿಸಿದರು. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಆ ಸಾಲಿನ ಗುಂಟ ಓಡುತ್ತಾನೆ. ತುದಿಯಲ್ಲಿ ನಿಂತ ಎದುರಾಳಿ ತನ್ನ ಮೇಲೆ ಬಂದರೆ ಚೆಂಡು ಹೊರಬದಿಯ ಜೊತೆಗಾರನಿಗೆ; ಜೊತೆಗಾರನತ್ತ ಸರಿದರೆ ತಾನೇ ಒಳಗೆ ನುಗ್ಗುತ್ತಾನೆ. ಬ್ಯಾಸ್ಕೆಟ್‌ಬಾಲಿನಲ್ಲಿ ಇಬ್ಬರು ಸೇರಿ ಒಬ್ಬನನ್ನು ದಾಟುವ ಉಪಾಯವಿದು. ಫರೋ ಆ ಆಟವನ್ನೂ ಆಡಿದ್ದವರು. ಎದುರಾಳಿಯನ್ನು ಯಾರೂ ಮುಟ್ಟಬೇಕಿಲ್ಲ, ಅವನು ಏನು ಮಾಡಿದರೂ ತಪ್ಪೇ. ಇಷ್ಟು ಚೆಲುವಾದ ಆಲೋಚನೆಯನ್ನು ಈ ಆಟದಲ್ಲಿ ನಾನು ಮತ್ತೆ ಕಂಡಿಲ್ಲ.

ಯುದ್ಧಕಾಲದಲ್ಲಿ, 1943ರಲ್ಲಿ, ಅಯೋವಾದ ನೌಕಾಪಡೆ ತರಬೇತಿ ಶಾಲೆಯ ತಂಡಕ್ಕೆ ಫರೋ ಕೋಚ್. ಅವರ ಕೈಕೆಳಗಿದ್ದು ಸ್ಪ್ಲಿಟ್-ಟಿ ಕಲಿತವರು ಬಡ್ ವಿಲ್ಕಿನ್ಸನ್ ಮತ್ತು ಜಿಮ್ ಟೇಟಮ್. ಮುಂದೆ ಇದೇ ತಂತ್ರ ಹಿಡಿದು ವಿಲ್ಕಿನ್ಸನ್ ಅವರ ಒಕ್ಲಹೋಮಾ 1953ರಿಂದ 1957ರವರೆಗೆ ಸತತ 47 ಪಂದ್ಯ ಗೆದ್ದಿತು. ಟೇಟಮ್ ಅವರ ಮೇರಿಲ್ಯಾಂಡ್ 1953ರ ರಾಷ್ಟ್ರೀಯ ಚಾಂಪಿಯನ್. ಗುರು ಮಾತ್ರ ವಿಲ್ಕಿನ್ಸನ್ ಎದುರು ಒಮ್ಮೆಯೂ ಗೆಲ್ಲಲಿಲ್ಲ. ಕೋಚ್ ಆಗಿ ಕೊನೆಯ ವರ್ಷ, 1956ರಲ್ಲಿ, 67-14ರಿಂದ ಸೋತರು.

ಯಾಕೆ? ಆಟಗಾರರು ಎನ್ನುತ್ತೀರಿ. ಫರೋ ನೆಚ್ಚಿಕೊಂಡಿದ್ದು ಮಿಸೌರಿಯ ಹುಡುಗರನ್ನೇ. ಮೇರಿಲ್ಯಾಂಡಿಗೆ ಹೋಗುವ ಮುನ್ನ ಟೇಟಮ್ 1946ರಲ್ಲಿ ಯುದ್ಧದಿಂದ ಮರಳಿದವರನ್ನು ಒಕ್ಲಹೋಮಾದಲ್ಲಿ ಗುಂಪುಗೂಡಿಸಿದರು, ಮರುವರ್ಷ ಆ ತಂಡ ವಿಲ್ಕಿನ್ಸನ್ ಕೈಗೆ ಬಂತು. ಒಪ್ಪಿದೆ. ಆದರೆ 47 ಪಂದ್ಯಗಳ ಹೊತ್ತಿಗೆ ಆ ಯೋಧರು ಕಾಲೇಜು ಬಿಟ್ಟಾಗಿತ್ತು. ಹಣ ಎನ್ನುತ್ತೀರಾ? ಸಾಲದಲ್ಲಿದ್ದ ಕ್ರೀಡಾ ವಿಭಾಗದ ಹೊಣೆಯೂ ಫರೋ ಅವರದೇ. ಟಿಕೆಟ್ ಹಣದ ಪಾಲಿಗಾಗಿ ಬಲಿಷ್ಠ ಒಹಾಯೋ ಸ್ಟೇಟ್ ತಂಡದ ಊರಿಗೇ ಹೋಗಿ ಆಡಿದರು, ಹೆಚ್ಚಾಗಿ ಸೋತರು, ಸಾಲ ತೀರಿಸಿದರು. ಕೋಷ್ಟಕದಲ್ಲಿ ಅವೂ ಬರೀ ಸೋಲುಗಳೇ.

ಪಿಎಚ್‌ಡಿ ಮೌಖಿಕ ಪರೀಕ್ಷೆಯೊಂದರಲ್ಲಿ ವಿದ್ಯಾರ್ಥಿನಿಯೊಬ್ಬರು ಪರೀಕ್ಷಕನಾದ ನನ್ನನ್ನೇ ಕೇಳಿದರು: “ಸರ್, ಫರೋ ಆ ಇಬ್ಬರಿಗೆ ಕಲಿಸದೇ ಇದ್ದಿದ್ದರೆ?” ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕೋಚ್ ಮೈಕ್ ಲೀಚ್ ಅವರ ವಿಷಯದಲ್ಲೂ ಇದೇ ಪ್ರಶ್ನೆ ಏಳುತ್ತದೆ: ಟೆಕ್ಸಸ್ ಟೆಕ್‌ನಲ್ಲಿ ಒಂದೂ ಕಾನ್ಫರೆನ್ಸ್ ಪ್ರಶಸ್ತಿ ಗೆಲ್ಲಲಿಲ್ಲ, ಆದರೆ ಎಸೆತವನ್ನೇ ನೆಚ್ಚಿದ ಅವರ ಏರ್ ರೈಡ್ ತಂತ್ರ ದೇಶವೆಲ್ಲ ಹಬ್ಬಿತು.

ಈ ಎರಡು ದಿನ ಪ್ರಬಂಧ ಮಂಡಿಸುವವರಲ್ಲಿ ನನ್ನದೊಂದು ಕೋರಿಕೆ. ಗೆಲುವಿನ ಅಂಕಣದ ಪಕ್ಕದಲ್ಲಿ ಇನ್ನೊಂದು ಅಂಕಣ ಎಳೆಯಿರಿ: ಈ ಕೋಚ್‌ನಿಂದ ಕಲಿತವರು ಎಲ್ಲೆಲ್ಲಿ, ಎಷ್ಟು ಗೆದ್ದರು? ಆಮೇಲೆ ಫರೋ ಯಾವ ಸಾಲಿನಲ್ಲಿ ನಿಲ್ಲುತ್ತಾರೆ ಎಂದು ನನಗೆ ತಿಳಿಸಿ. ಸಂಕಿರಣವನ್ನು ಉದ್ಘಾಟಿಸುತ್ತಿದ್ದೇನೆ.